ಮಾತಿನ ಡಬ್ಬಿ

ಕಲ್ಯಾಣ, ಮಂಗಳವಾರ

ಅಪ್ಪಾಜಿಗೆ ಅನಸೂಯಾಳ ನಮಸ್ಕಾರ.

ಕಾಲೇಜಿನ ಪ್ರಾಜೆಕ್ಟಿಗೆಂದು ಮಾಡಿದ ಮಾತಿನ ಡಬ್ಬಿಯನ್ನು ಅವ್ವನ ಕೈಯಲ್ಲಿ ಆಸ್ಪತ್ರೆಗೆ ಕಳಿಸಿದ್ದೇನೆ. ಗುಂಡಿ ಒತ್ತಿದರೆ ನೀವು ತುಂಬಿಸಿದ ಮಾತು ನಿಮ್ಮದೇ ದನಿಯಲ್ಲಿ ಕೇಳುತ್ತದೆ. ಒಳಗಿನ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿನ ಮೆಮೊರಿಯಲ್ಲಿ ‘ನೀರು’, ‘ನೋವು’ ಬಿಟ್ಟು ಬೇರೇನೂ ಹಿಡಿಸಲಿಲ್ಲ. ಅದಕ್ಕೇ ಹೊರಗಿನಿಂದ ಮೆಮೊರಿ ಕಾರ್ಡ್ ಜೋಡಿಸಿದೆ. ಈಗ ಎಷ್ಟು ಮಾತಾದರೂ ಹಿಡಿಸುತ್ತದೆ.

ಗುರುವಾರ ಆಪರೇಷನ್ ಮಾಡಿ ನಾಲಿಗೆ ತೆಗೆಯುವ ಮೊದಲು ಎಲ್ಲವನ್ನೂ ತುಂಬಿಸಿಬಿಡಿ. ತಮ್ಮನಿಗೆ ‘ಏಳಲೇ, ಹೊತ್ತಾಗ್ಯಾದ’ ಎಂದು ಬೈಯುವುದನ್ನು ಮರೆಯಬೇಡಿ. ಇಲ್ಲಿನ ಹುಡುಗರ ಹಾಗೆ ಹಿಂದಿಯಲ್ಲಿ ಗೊಣಗಿದರೂ ಅವನು ಏಳುವುದು ಆ ಬೈಗುಳಕ್ಕೇ.

‘ಆರಾಮ ಅದೀನಿ’ ಎನ್ನುವುದನ್ನು ಮಾತ್ರ ತುಂಬಿಸಬೇಡಿ. ಭಿವಂಡಿ ಗೋದಾಮಿನಲ್ಲೇ ವಾರಗಟ್ಟಲೆ ಉಳಿದು ಮೂಟೆ ಹೊರುತ್ತ, ಬಾಯಿ ಹುಣ್ಣಾಗಿ ರೊಟ್ಟಿ ನುಂಗಲಾಗದಿದ್ದಾಗಲೂ ನೀವು ಫೋನಿನಲ್ಲಿ ಹೇಳಿದ್ದು ಅದನ್ನೇ. ನಾವೂ ನಂಬಿದೆವು. ಆ ಮಾತಿಗೊಂದು ಗುಂಡಿ ಇದ್ದರೆ ನೀವು ಬೇರೆ ಯಾವುದನ್ನೂ ಒತ್ತುವುದಿಲ್ಲ, ನನಗೆ ಗೊತ್ತು.

‘ನೋವು’ ಎನ್ನುವ ಗುಂಡಿಯನ್ನು ಹೆಬ್ಬೆರಳಿಗೆ ಸಿಗುವ ಹಾಗೆ ಇಟ್ಟಿದ್ದೇನೆ. ದಯವಿಟ್ಟು ಒತ್ತಿ.

ನಿಮ್ಮ ಮಗಳು,
ಅನಸೂಯಾ