ನಿಮ್ಮ ಕಡೆಯ ಸೀಟು

ಹೋಯ್, ಕೇಳ್ತದಾ?

ನಿಮ್ಮ ಹಳೇ ಫೈಬರ್ ದೋಣಿ ಇವತ್ತು ಕೆನಾಲ್‌ಗೆ ಇಳಿಯಿತು. ಮುಳುಗಲಿಲ್ಲ ಮಾರಾಯ್ರೆ!

ನೀವು ಹೋದ ಮೇಲೆ ಅದನ್ನು ಮಾರಿಬಿಡುವ ಅಂತಲೇ ಇದ್ದೆ. ನೋಡಲು ಬಂದವನು ಒಳಗಿನ ಅಡ್ಡಗೋಡೆಗೆ, ಅದೇ ನಿಮ್ಮ ಬಲ್ಕ್‌ಹೆಡ್‌ಗೆ, ಬೆರಳು ಒತ್ತಿದ. ಬೆರಳು ಒಳಗೇ ಹೋಯಿತು. "ಸ್ಕ್ರ್ಯಾಪ್" ಅಂದ. ನನಗೆ ಎಲ್ಲಿಂದ ಬಂತೋ ಸಿಟ್ಟು! ಅದನ್ನು ಸ್ಕ್ರ್ಯಾಪ್ ಅಂತ ನಾನು ಹೇಳಬಹುದು, ಅವನ್ಯಾರು ಹೇಳಲಿಕ್ಕೆ?

ನಾನೂ ಚರಿಷ್ಮಾಳೂ ಸೇರಿ ಕುಂಬಾಗಿ ಕೊಳೆತ ಪ್ಲೈವುಡ್ಡನ್ನೆಲ್ಲ ಕೆರೆದು ತೆಗೆದು ಹೊಸ ಗೋಡೆ ಕೂರಿಸಿದೆವು. ತಳದ ಉದ್ದ ಪಟ್ಟಿಗಳನ್ನು ಹಲಸಿನ ಹಣ್ಣಿನ ಹಾಗೆ ಬಡಿದು ನೋಡಿ, ಟೊಳ್ಳು ಸದ್ದು ಬಂದದ್ದನ್ನೆಲ್ಲ ಬದಲಾಯಿಸಿದೆವು. ಮೂಲೆಗೆ ತುಂಬುವ ರೆಸಿನ್ ಅಂಟು ವಡೆ ಹಿಟ್ಟಿನ ಹದಕ್ಕೆ ಬರಬೇಕು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. "ಅಮ್ಮಾ, ಯು ಆರ್ ಆಕ್ಚುಲಿ ಗುಡ್ ಅಟ್ ದಿಸ್" ಅಂದಳು ನಿಮ್ಮ ಮಗಳು. ಆ 'ಆಕ್ಚುಲಿ' ನಿಮ್ಮದೇ.

ಇವತ್ತು ಮೊದಲ ಸಲ ಹತ್ತಿ ಕೂತೆ. ನನಗೆಂದು ನೀವು ಹೊಲಿಸಿದ ಕುಶನ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ನಾನು ಕೂತದ್ದೇ ದೋಣಿ ನನ್ನ ಕಡೆಗೆ ವಾಲಿತು. ಚರಿಷ್ಮಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಾರಿನಲ್ಲಿದ್ದ ಕುಚ್ಚಲಕ್ಕಿ ಚೀಲ ತಂದು ಪಕ್ಕದಲ್ಲಿ, ನಿಮ್ಮ ಸೀಟಿನಲ್ಲಿ ಇಟ್ಟಳು. ದೋಣಿ ನೆಟ್ಟಗಾಯಿತು.

ಅವಳು ಹಿಂದೆ ಮೋಟರ್ ಹಿಡಿದಳು, ಪಕ್ಕದ ಊರು ಸಾಲ್ಫರ್ಡ್ ತನಕ ಹೋಗಿ ಬಂದೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅಕ್ಕಿ ಚೀಲ ನಿಮ್ಮ ಹಾಗೆ ನಡುನಡುವೆ ಬಾಯಿ ಹಾಕುವುದಿಲ್ಲ.

ಒಮ್ಮೆಯಾದರೂ ಬಾಯಿ ಹಾಕಬಾರದಿತ್ತಾ ನೀವು?