ಹನ್ನೊಂದೂವರೆಯ ಗಾಳಿ

ಲಾರ್ಕಿನ್ ಕ್ರೀಕ್, ಸಾಮನ್ ನದಿ ಕಣಿವೆ, ಐಡಾಹೊ
೨೧ ಆಗಸ್ಟ್ ೨೦೧೯, ಬುಧವಾರ ಬೆಳಿಗ್ಗೆ

ಪ್ರೀತಿಯ ಟ್ರೀನಾ,

ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತೇ? ಹ್ಯಾಟಿಗೆ ಮುಂದಿನ ಹಲ್ಲು ಬಂತೋ, ಇನ್ನೂ ಕಿಟಕಿ ತೆರೆದಿಟ್ಟುಕೊಂಡೇ ಓಡಾಡುತ್ತಿದ್ದಾಳೋ? ನನ್ನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು. ಉಳಿದಂತೆ ಗಟ್ಟಿಯಾಗಿದ್ದೇನೆ, ಎಪ್ಪತ್ತಾರಕ್ಕೆ ಇದಕ್ಕಿಂತ ಹೆಚ್ಚು ಕೇಳಿದರೆ ದುರಾಸೆಯಾದೀತು. ಎಂಟೂವರೆಗೆ ಟಪಾಲು ವಿಮಾನ ಬರುತ್ತದೆ, ಅಷ್ಟರೊಳಗೆ ಇದನ್ನು ಮುಗಿಸಬೇಕು. ಕ್ರಿಸ್ಮಸ್ಸಿಗೆ ನೀನು ಬರೆದ ಕಾಗದಕ್ಕೆ ಉತ್ತರ ಇದು. ಜನವರಿಯಿಂದ ಆರು ಸಲ ಬರೆಯಲು ಕೂತು ಆರು ಸಲವೂ ಒಲೆಗೆ ಹಾಕಿದ್ದೇನೆ.

ಈ ಸಲವೂ ಆಗಸ್ಟಿನ ಎರಡನೇ ಶನಿವಾರ ನಮ್ಮ ವೆಂಡಲ್‌ನ ವಿಮಾನದ ಗೆಳೆಯರೆಲ್ಲರೂ ಹುಲ್ಲು ಕೊಯ್ಯಲು ಬಂದಿದ್ದರು. ಏಳು ವಿಮಾನ. ವಿಮಾನ ಇಳಿಯುವ ಹುಲ್ಲಿನ ಪಟ್ಟಿಯ ಮೇಲೆ ಎಲ್ಕ್ ಜಿಂಕೆಗಳ ಹಿಂಡು ಮಲಗಿತ್ತು. ಮೊದಲು ಬಂದವನು ಹುಲ್ಲು ಸವರುವಷ್ಟು ಕೆಳಗೆ ಒಂದು ಸುತ್ತು ಹಾರಿ ಓಡಿಸಿದ, ಆಮೇಲೆ ಒಬ್ಬೊಬ್ಬರಾಗಿ ಇಳಿದರು. ಒಬ್ಬ ಹೊಸಬ ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಇಳಿದ. ಟಪಾಲಿನ ಓರಿನ್ ಬಿಡುತ್ತಾನೆಯೇ, "ಏನಪ್ಪಾ, ಇಳಿದದ್ದು ಒಂದು ಸಲಾನೋ ಮೂರು ಸಲಾನೋ? ಹಾರಾಟದ ಪುಸ್ತಕದಲ್ಲಿ ಯಾವುದನ್ನ ಬರ್ಕೊಳ್ತೀಯ?" ಅಂತ ಎಲ್ಲರೆದುರು ಕೇಳಿದ. ಪಾಪ, ಅದರ ಕಿವಿ ಕೆಂಪಾಗಿಹೋಯಿತು. ನಗರದಲ್ಲಿ ಅಷ್ಟುದ್ದದ ಡಾಂಬರು ಪಟ್ಟಿ ಇದ್ದರೂ ಈ ಮಂಗಗಳಿಗೆ ನನ್ನ ಅಂಕುಡೊಂಕಿನ ಹುಲ್ಲೇ ಬೇಕು. ಕೊಯ್ದರು, ಇಲಿಬಿಲ ಮುಚ್ಚಿದರು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಬದಲಿಸಿದರು, ರೆಕ್ಕೆಯ ನೆರಳಲ್ಲಿ ಕೂತು ನನ್ನ ತಟ್ಟೆಯಷ್ಟಗಲದ ಪ್ಯಾನ್‌ಕೇಕುಗಳನ್ನು ಹೊಟ್ಟೆ ಬಿರಿಯ ತಿಂದರು. ವೆಂಡಲ್ ಕೂರುತ್ತಿದ್ದ ಮರದ ತುಂಡಿನ ಮೇಲೆ ಮಾತ್ರ ಯಾರೂ ಕೂರಲಿಲ್ಲ.

ಆಮೇಲೆ ಅವನ ಮಾತು ಬಂದೇ ಬಂತು. ಒಬ್ಬ, "ನಾಲ್ಕು ಪೆಟ್ಟಿಗೆ ಪೀಚ್ ಅಂದ್ರೆ ಒಂದಾಳಿನ ತೂಕ ಕಣ್ರೋ" ಅಂದ. ಇನ್ನೊಬ್ಬ, "ಹಣ್ಣು ಕೀಳ್ತಾ ಹೊತ್ತು ಕಳೆದಿರಬೇಕು, ಇಲ್ದಿದ್ರೆ ವೆಂಡಲ್ ಹನ್ನೊಂದೂವರೆಗೆ ವಿಮಾನ ಎತ್ತೋನಾ?" ಅಂದ. ಓರಿನ್ ನನ್ನ ಕಡೆ ನೋಡಿ, "ಪಾಪ, ಟ್ರೀನಾ ಆಸೆಪಟ್ಟು ತರೋಕೆ ಹೇಳಿದ್ಲು, ಅವಳಿಗೇನು ಗೊತ್ತು, ಬಿಡ್ರಪ್ಪ" ಅಂತ ಮಾತು ಮುಚ್ಚಿದ. ನಾನು ಒಲೆಯ ಮುಂದೆ ನಿಂತೇ ಇದ್ದೆ. ಬಾಣಲೆಯಲ್ಲಿದ್ದದ್ದು ಕರಕಲಾಯಿತು.

ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಇಲ್ಲಿಂದ ಯಾರೂ ಮೇಲೇಳಬಾರದು ಅನ್ನುವುದು ನಿನ್ನ ಮಾವನ ಕಟ್ಟಳೆ. ಬಿಸಿಲೇರಿದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎದುರಿಗೆ ಗುಡ್ಡ, ಕೆಳಗೆ ನದಿ. "ಹತ್ತಾಯ್ತಾ, ಹಾಗಾದ್ರೆ ಸಂಜೆ ತನಕ ನಾನು ನಿನ್ನ ಕೈದಿ" ಅಂತ ನನಗೆ ಹೇಳುತ್ತಿದ್ದರು. ನಲವತ್ತು ವರ್ಷ ಇಲ್ಲಿಂದ ಹಾರಿದರು, ಒಂದು ದಿನವೂ ಅದನ್ನು ಮೀರಲಿಲ್ಲ. ವೆಂಡಲ್ ಹುಲ್ಲಿನ ಮೇಲೆ ನಡೆಯಲು ಕಲಿಯುವ ಮೊದಲೇ ಈ ಮಾತು ಕಲಿತಿದ್ದ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ಅಪ್ಪನ ವಿಮಾನ ಯಾಕೆ ಬಿತ್ತು ಅಂತ ಹ್ಯಾಟಿ ಕೇಳಿದಾಗಲೆಲ್ಲ, "ಅಮ್ಮ ಹಣ್ಣು ತರೋಕೆ ಹೇಳಿದ್ಲು, ಭಾರ ಆಯ್ತು" ಅಂತ ಹೇಳುತ್ತೀಯಂತೆ. ಮಗುವಿಗೆ ಸುಳ್ಳು ಹೇಳಲಾರೆ ಅಂತ ಬರೆದಿದ್ದೆ. ಅಂಗಡಿಯಲ್ಲಿ ಪೀಚಿನ ವಾಸನೆ ಬಂದರೆ ಸಾಮಾನಿನ ತಳ್ಳುಗಾಡಿ ಅಲ್ಲೇ ಬಿಟ್ಟು ಹೊರಗೆ ಬರುತ್ತೀಯಂತೆ. ಎರಡು ವರ್ಷದಿಂದ ನೀನು ಈ ಕಡೆ ತಲೆ ಹಾಕದಿರುವುದು ನನ್ನ ಮುಖ ನೋಡಲು ನಾಚಿಕೆಯಾಗಿ ಅಂತಲೂ ಬರೆದಿದ್ದೆ. ಅಯ್ಯೋ ಮಗಳೇ! ಆ ಸಾಲು ಓದಿದ ದಿನ ನಾನು ದನಗಳಿಗೆ ನೀರು ಬಿಡುವುದನ್ನೂ ಮರೆತೆ. ಇವತ್ತಾದರೂ ಆ ಮಾತಿಗೆ ಉತ್ತರ ಬರೆಯೋಣವೆಂದು ಕೂತೆ. ಕೂತವಳು ಹುಲ್ಲು, ಎಲ್ಕ್, ಪ್ಯಾನ್‌ಕೇಕು ಅಂತ ಊರ ಸುದ್ದಿಯನ್ನೆಲ್ಲ ಬರೆದೆ.

ತೋಟದಲ್ಲಿ ಈ ವರ್ಷ ಸೌತೆ ಚೆನ್ನಾಗಿದೆ, ಟೊಮೇಟೊವನ್ನು ಜಿಂಕೆ ತಿಂದವು. ಹಳೆಯ ಕೆಂಪು ಹಸು ವಸಂತದಲ್ಲಿ ಹೋಯಿತು. ಹ್ಯಾಟಿಗೆ ಒಂದು ಸ್ವೆಟರ್ ಹೆಣೆದಿದ್ದೇನೆ, ತೋಳು ಒಂದು ಉದ್ದ ಒಂದು ಗಿಡ್ಡ, ಮಡಚಿಕೊಳ್ಳಲಿ. ಓರಿನ್‌ನ ವಿಮಾನದ ಸದ್ದು ಕೇಳುತ್ತಿದೆ. ದೇವರು ನಿನ್ನನ್ನೂ ಮಗುವನ್ನೂ ಕಣ್ಣ ರೆಪ್ಪೆಯ ಹಾಗೆ ಕಾಪಾಡಲಿ.

ನಿನ್ನ ಅತ್ತೆ,
ವೆರ್ಲಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದಿದ್ದೇನೆ. ಓರಿನ್ ಅಂಗಳದಲ್ಲಿ ನಿಂತು, "ಬೇಗ ಕೊಡಿ ವೆರ್ಲಾಮ್ಮ, ಬಿಸಿಲೇರ್ತಾ ಇದೆ" ಅಂತ ಅವಸರ ಮಾಡುತ್ತಿದ್ದಾನೆ. ಪೆಟ್ಟಿಗೆಗಳು ವಿಮಾನದಲ್ಲಿ ಇರಲಿಲ್ಲ ಟ್ರೀನಾ. ಹಣ್ಣು ಹಿಂದಿನ ದಿನವೇ ಕಿತ್ತಾಗಿತ್ತು. ಆ ವರ್ಷ ಹುಲ್ಲು ಕೊಯ್ದ ಮಾರನೇ ಬೆಳಿಗ್ಗೆ ಎಲ್ಲರೂ ಒಂಬತ್ತಕ್ಕೇ ಹೋದರು, ವೆಂಡಲ್ ಕೂಡ ವಿಮಾನ ಹತ್ತಿ ಕೂತಿದ್ದ. ನಾನೇ ಹೋಗಿ, "ಗೆಳೆಯರ ಜೊತೆ ಹರಟೋಕೆ ಎರಡು ದಿನ ಇತ್ತು, ಹೆತ್ತೋಳ ಜೊತೆ ಒಂದು ಲೋಟ ಕಾಫಿಗೆ ಹೊತ್ತಿಲ್ಲ, ಅಲ್ವಾ?" ಅಂದೆ. ಇಳಿದು ಬಂದ. ಕಾಫಿ ಆಯಿತು, ಕಡುಬು ತಿನ್ನು ಅಂದೆ, ನೀರಿನ ಪಂಪು ನೋಡು ಅಂದೆ. ಗಡಿಯಾರ ನನಗೂ ಕಾಣುತ್ತಿತ್ತು. ಹನ್ನೊಂದು ದಾಟಿದಾಗ, "ಇನ್ನು ಸಂಜೇನೇ ಹೊರಡೋದಮ್ಮ, ಹ್ಯಾಟಿ ಹುಟ್ಟುಹಬ್ಬದ ಊಟ ತಪ್ಪಿಹೋಗುತ್ತೆ" ಅಂತ ಮುಖ ಸಣ್ಣ ಮಾಡಿದ. ನಾಲಿಗೆಗೆ ಎಲುಬಿಲ್ಲ ನೋಡು, "ನಿಮ್ಮಪ್ಪ ಆಗಿದ್ರೆ ಇಷ್ಟು ಹೊತ್ತಿಗೂ ವಿಮಾನ ಎತ್ಕೊಂಡು ಹೋಗೋರು" ಅಂದುಬಿಟ್ಟೆ. ಸುಳ್ಳು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಅವನು ಎದ್ದು ಹೊರಗೆ ನಡೆದ. ಭಾರ ಕಡಿಮೆಯಾಗಲಿ ಅಂತ ನಾಲ್ಕೂ ಪೆಟ್ಟಿಗೆ ಇಳಿಸಿ ಕೊಟ್ಟಿಗೆಯಲ್ಲಿಟ್ಟು ಹೊರಟ. ವಿಮಾನ ನದಿಗೆ ಬಿತ್ತು. ನದಿ ಎಲ್ಲವನ್ನೂ ಕೊಚ್ಚಿಕೊಂಡು ಹೋಗಿತ್ತು, ವಿಚಾರಣೆಗೆ ಬಂದವರು ಹಣ್ಣಿತ್ತೇ ಅಂತ ಕೇಳಿದರು, ಇತ್ತು ಅಂದೆ. ಮಣ್ಣು ಮಾಡುವ ದಿನ ನೀನು ಎಲ್ಲರೆದುರು, ನನ್ನ ಹಣ್ಣೇ ಅವನನ್ನು ಕೊಂದಿತು ಅಂತ ಗೋಳಾಡಿದೆ. ನಾನು ನಿನ್ನ ಬೆನ್ನು ಸವರುತ್ತಾ ನಿಂತೆ. ಆ ರಾತ್ರಿಯೇ ಪೆಟ್ಟಿಗೆಗಳನ್ನು ಹೂತೆ. ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಈಗ ಹೊರಗೆ ಹೋಗಿ ಓರಿನ್‌ಗೂ ಇಷ್ಟನ್ನೂ ಹೇಳುತ್ತೇನೆ, ಉಳಿದವರಿಗೆ ಅವನು ಹೇಳಲಿ. ಹ್ಯಾಟಿಗೆ ನೀನೇ ಹೇಳಬೇಕು. ಈ ಕಾಗದ ಕೈಗೆ ಬಂದ ದಿನವೇ ಹೇಳು. ಅಮ್ಮನ ಹಣ್ಣಿನಿಂದ ಅಲ್ಲ, ಅಜ್ಜಿ ಅಪ್ಪನನ್ನು ಹೊತ್ತಿಗೆ ಸರಿಯಾಗಿ ಹೋಗಲು ಬಿಡಲಿಲ್ಲ ಅಂತ ಹೇಳು.