ಭೂರಿ ತಂದ ಲೋಹ್ರಿ

ಬೇರಿವಾಲಾ, ಸಂಗ್ರೂರ್ ಜಿಲ್ಲೆ
೧೫ ಜನವರಿ ೧೯೭೯

ಪೂಜ್ಯ ಬೇಬೇಜಿ,

ನಿಮ್ಮ ಸೊಸೆ ಮುಖ್ತಿಯಾರೋ ಪಾದ ಮುಟ್ಟಿ ಹೇಳುವ ಸತ್ ಶ್ರೀ ಅಕಾಲ್. ಮಂಡಿನೋವು ಹೇಗಿದೆ? ತವರಿನಲ್ಲಿ, ಮಾಮಾಜಿಯ ಮನೆಯಲ್ಲಿ, ನಿಮಗೆ ನೀರು ಕಾಯಿಸಿ ಕೊಡುತ್ತಾರೋ ಇಲ್ಲವೋ ಎಂದು ದಿನವೂ ನನಗೆ ಯೋಚನೆ. ಬೆಳಗ್ಗೆ ಹೊರಗೆ ಬರಬೇಡಿ, ಈ ಸಲದ ಮಂಜು ಕೆಟ್ಟದ್ದು. ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮ ಎಂದು ಬರೆದ ಕೂಡಲೇ ಏನಾದರೂ ಆಗಿಬಿಡುತ್ತದೇನೋ ಎಂದು ಹೆದರಿಕೆ, ಆದರೂ ಬರೆದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನೀವು ಗುರುದ್ವಾರದಲ್ಲಿ ಅಕ್ಷರ ಕಲಿತವರು. ತಪ್ಪಿದ್ದಲ್ಲಿ ನಗಬೇಡಿ.

ಕೋಪ ಮಾಡಿಕೊಳ್ಳದೆ ಓದಿ ಬೇಬೇ. ಲೋಹ್ರಿ ಹಬ್ಬದ ದಿನ ನಮ್ಮ ಭೂರಿ ಎಮ್ಮೆ ಕರು ಹಾಕಿತು. ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕೆ. ಅದೇ ಹಬ್ಬದ ದಿನ ಮಾವನವರು, ನಮ್ಮ ಬಾಪೂಜಿ, ತೀರಿಕೊಂಡ ಮೇಲೆ ನಮ್ಮ ಅಂಗಳದಲ್ಲಿ ಹನ್ನೊಂದು ವರ್ಷ ಲೋಹ್ರಿಯ ಬೆಂಕಿ ಹೊತ್ತಿಲ್ಲ. ಸಾವಿನಿಂದ ಕೆಟ್ಟ ಹಬ್ಬ, ಅದೇ ದಿನ ಮನೆಯಲ್ಲಿ ಮಗುವೋ ಕರುವೋ ಹುಟ್ಟಿದರೆ ಮಾತ್ರ ಮರಳುತ್ತದೆ ಎಂದವರು ನೀವೇ. ಅಕ್ಕಪಕ್ಕದ ಹೊಗೆಯ ವಾಸನೆಯೂ ಬೇಡವೆಂದು ಪ್ರತಿ ವರ್ಷ ಮೊದಲೇ ಗಂಟು ಕಟ್ಟಿ ತವರಿಗೆ ಹೊರಟುಬಿಡುತ್ತೀರಿ. ನಿಮ್ಮ ಮೊಮ್ಮಗಳು ಚರ್ನೋಗೆ ಎಂಟು ತುಂಬಿತು, ಮಗು ಪರರ ಬೆಂಕಿಯನ್ನೇ ದೂರ ನಿಂತು ನೋಡಿ ಬೆಳೆದಿದೆ.

ನಿಮ್ಮನ್ನು ಕೇಳದೆ ಹಬ್ಬ ಮಾಡುವುದು ಹೇಗೆ ಎಂದು ಕೊಟ್ಟಿಗೆಯಲ್ಲೇ ಕೂತಿದ್ದೆ. ಪಕ್ಕದ ಮನೆಯ ಬಚಿಂತೋ ಚಾಚಿ ಕೊಟ್ಟಿಗೆಗೆ ಬಂದವಳೇ, "ಏನೇ ಮುಖ್ತಿಯಾರೋ, ಎಮ್ಮೇನೇ ಹಬ್ಬ ಮಾಡು ಅಂತ ಹುಕುಂ ಕೊಟ್ಟಿದೆ. ನಿಮ್ಮತ್ತೆ ಏನು ಎಮ್ಮೆಗಿಂತ ದೊಡ್ಡೋಳಾ?" ಎಂದಳು. ಕ್ಷಮಿಸಿ, ಅವಳ ಬಾಯಿ ನಿಮಗೆ ಗೊತ್ತೇ ಇದೆ. ಆಮೇಲೆ ಕೇಳಿದಳು: "ಹೊತ್ತು ಹುಟ್ಟಿದ ಮೇಲೆ ತಾನೇ ಹಾಕಿದ್ದು? ಕತ್ತಲಲ್ಲಿ ಹಾಕಿದ್ರೆ ಅದು ಹಿಂದಿನ ದಿನಕ್ಕೆ ಸೇರುತ್ತೆ ಕಣೇ." ಹೌದು, ಹೊತ್ತು ಹುಟ್ಟಿತ್ತು ಎಂದೆ.

ನಮ್ಮಲ್ಲಿ ಸೌದೆಯ ತಯಾರಿಯೇ ಇರಲಿಲ್ಲ. ಸಂಜೆಯಾಗುತ್ತಲೇ ಒಬ್ಬೊಬ್ಬರಾಗಿ ಬಂದರು ಬೇಬೇ, ಕೈಯಲ್ಲಿ ಎರಡು ಬೆರಣಿ, ಒಂದು ಕಟ್ಟಿಗೆ. ಕಾಲುವೆ ನೀರಿನ ಜಗಳಕ್ಕೆ ನಮ್ಮೊಡನೆ ಮಾತು ಬಿಟ್ಟಿದ್ದ ಮನೆಯವರೇ ಎಲ್ಲರಿಗಿಂತ ದಪ್ಪ ಕೊರಡು ಹೊತ್ತು ತಂದು, "ಹನ್ನೊಂದು ವರ್ಷದ ಚಳಿ, ಇಷ್ಟು ಸಾಕಾಗುತ್ತೋ ಇಲ್ವೋ" ಎಂದರು. ಗೋಧಿ ಇನ್ನೂ ಗೇಣುದ್ದ, ಒಂದು ಕಾಳೂ ಕೈಗೆ ಬಂದಿಲ್ಲ. ಆದರೂ ನಮ್ಮ ಜನ ಇದ್ದ ಎಳ್ಳು ಬೆಲ್ಲ, ಜೋಳದ ಅರಳನ್ನು ಮೊದಲು ಬೆಂಕಿಗೆ ಕೊಟ್ಟು ಆಮೇಲೆ ಹಂಚಿ ತಿನ್ನುತ್ತಾರೆ. ಇಂಥ ಧೈರ್ಯ ನನಗೆ ಯಾವ ಜನ್ಮಕ್ಕೆ ಬಂದೀತು? ನಿಮ್ಮ ಮಗ ಮೊದಲ ಹಿಡಿ ಎಳ್ಳು ಹಾಕಿ "ಬಾಪೂ" ಎಂದು ಒಮ್ಮೆ ಕರೆದರು. ಚರ್ನೋ ನನ್ನ ಸೆರಗು ಜಗ್ಗಿ, "ಅಮ್ಮಾ, ಇದು ನಮ್ದೇನಾ? ಹತ್ರ ಕೂತ್ಕೋಬಹುದಾ?" ಎಂದಳು. ಕಬ್ಬಿನ ಹಾಲಿನ ಪಾಯಸ ವಾಡಿಕೆಯಂತೆ ಪುಷ್ಯದ ಕೊನೆಯ ರಾತ್ರಿ ಬೇಯಿಸಿ, ನಿನ್ನೆ ನಮ್ಮ ಮಾಘದ ಮೊದಲ ದಿನ ತಿಂದೆವು. ಸ್ವಲ್ಪ ತಳ ಹಿಡಿದಿತ್ತು.

ಮಾಮಾಜಿ, ಮಾಮೀಜಿಗೆ ನನ್ನ ನಮಸ್ಕಾರ ಹೇಳಿ. ಚರ್ನೋಳ ತಲೆಯ ಮೇಲೆ ನಿಮ್ಮ ಕೈ ಸದಾ ಇರಲಿ.

ನಿಮ್ಮ ಸೊಸೆ
ಮುಖ್ತಿಯಾರ್ ಕೌರ್

ತಾ.ಕ.: ಮರೆತೆನೆಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಭೂರಿ ಕರು ಹಾಕಿದಾಗ ಕತ್ತಲಿತ್ತು ಬೇಬೇ. ಗುರುದ್ವಾರದಲ್ಲಿ ಬೆಳಗಿನ ಗ್ರಂಥಪಠಣ ಇನ್ನೂ ಶುರುವಾಗಿರಲಿಲ್ಲ. ಲಾಟೀನು ಹಿಡಿದು ನಾನೊಬ್ಬಳೇ ಇದ್ದೆ. ಆಮೇಲೆ ಹತ್ತು ಗಂಟೆಯವರೆಗೂ ಮಂಜು, ಸೂರ್ಯ ಯಾವಾಗ ಹುಟ್ಟಿದನೆಂದು ಊರಲ್ಲಿ ಯಾರು ಕಂಡರು? ನಿಮ್ಮ ಮಗನಿಗೂ ಹೇಳಿಲ್ಲ. ಹಬ್ಬ ನಮಗೆ ಮರಳಿತೋ ಇಲ್ಲವೋ, ನೀವೊಬ್ಬರೇ ಹೇಳಬಲ್ಲಿರಿ. ಇಲ್ಲವೆಂದರೆ ಬರುವ ವರ್ಷ ಅಂಗಳ ಕತ್ತಲೆಯಾಗಿಯೇ ಇರಲಿ, ನಾನು ತುಟಿ ಬಿಚ್ಚುವುದಿಲ್ಲ. ಆದರೆ ಉತ್ತರವನ್ನು ಕಾಗದದಲ್ಲಿ ಬರೆಯಬೇಡಿ. ಮನೆಗೆ ಬಂದು, ಚರ್ನೋಳ ಮುಖ ನೋಡಿ ಹೇಳಿ.